ವೋಡ್ಕಾಗೆ ಎನರ್ಜಿ ಡ್ರಿಂಕ್, ಆಮೇಲೆ ಸ್ಟ್ರಾಂಗ್ ಕಾಫಿ: ಹೋಂಸ್ಟೇ ನಡೆಸೋರು ಎಲ್ಲಿ ಬೇಡ ಅನ್ನಬೇಕು?

ಗಿರಿಸೆರಗು_ಹೋಂಸ್ಟೇ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ಕಡೆ ತೋಟದ ಒಳಗೆ ನಾಲ್ಕು ರೂಮಿನ ಹೋಂಸ್ಟೇ. ಮದ್ಯ ನಾವು ಕೊಡೋದಿಲ್ಲ, ಲೈಸೆನ್ಸೂ ಇಲ್ಲ. ಬರೋರು ತಾವೇ ತರ್ತಾರೆ. ಈಗಿನ ಹುಡುಗರು ಸೋಡಾ, ನೀರು ಕೇಳೋದೇ ಕಮ್ಮಿ. ವೋಡ್ಕಾಗೋ ವಿಸ್ಕಿಗೋ ಎನರ್ಜಿ ಡ್ರಿಂಕ್ ಬೆರೆಸ್ತಾರೆ, ಕ್ಯಾನ್ ಮುಗಿದರೆ ಪೇಟೆಯಿಂದ ತರಿಸಿಕೊಡಿ ಅಂತಾರೆ. ರಾತ್ರಿ ಒಂದು ಗಂಟೆಗೆ ಅಡುಗೆಯವರನ್ನ ಎಬ್ಬಿಸಿ "ಸ್ಟ್ರಾಂಗಾಗಿ ಫಿಲ್ಟರ್ ಕಾಫಿ, ಇಳೀಲಿ" ಅಂತಾರೆ. ಬೆಳಿಗ್ಗೆ ಐದಕ್ಕೆ ಅದೇ ಗುಂಪು ಕಾರು ತಗೊಂಡು ಮುಳ್ಳಯ್ಯನಗಿರಿ ಸೂರ್ಯೋದಯಕ್ಕೆ ಹೊರಡುತ್ತೆ.

ಕೇಳಬೇಕಾಗಿರೋದು ಇಷ್ಟು. ಎರಡನ್ನೂ ಬೆರೆಸಿದರೆ ನಿಜಕ್ಕೂ ಅಪಾಯವಾ, ಇಲ್ಲ ವಾಟ್ಸಾಪ್ ಹೆದರಿಕೆನಾ? ಕಾಫಿ ಕೊಟ್ಟರೆ ಇಳಿಯುತ್ತಾ? ಯಾರಾದರೂ ಬಿದ್ದರೆ ಏನು ಮಾಡಬೇಕು, ಏನು ಮಾಡಬಾರದು? ಕೆಲಸದವರಿಗೆ ಹೇಳಿಕೊಡೋ ಹಾಗೆ ಅಳತೆ ಸಮೇತ ಹೇಳಿದರೆ ಉಪಕಾರ.

---

ಡೋಸ್_ಮೇಷ್ಟ್ರು

ಮೊದಲು ಕಾಫಿ ವಿಷಯ, ಯಾಕಂದರೆ ಉತ್ತರ ಚಿಕ್ಕದು: ಇಳಿಯೋದಿಲ್ಲ. ರಕ್ತದಲ್ಲಿರೋ ಆಲ್ಕೋಹಾಲನ್ನ ಖಾಲಿ ಮಾಡೋದು ಲಿವರ್. ಅದರ ವೇಗ ಗಂಟೆಗೆ 100 ಮಿ.ಲೀ. ರಕ್ತಕ್ಕೆ ಸುಮಾರು 15 ಮಿ.ಗ್ರಾಂ. ಕಾಫಿ, ತಣ್ಣೀರು ಸ್ನಾನ, ಮಜ್ಜಿಗೆ, ನಿಂಬೆಹಣ್ಣು ಯಾವುದಕ್ಕೂ ಆ ವೇಗ ಹೆಚ್ಚಿಸೋ ಶಕ್ತಿ ಇಲ್ಲ. ಕಾಫಿ ಕುಡಿದವನಿಗೆ ನಿದ್ದೆ ಹಾರಿಹೋಗುತ್ತೆ, ಅಮಲು ಇದ್ದಲ್ಲೇ ಇರುತ್ತೆ.

ಯಾಕೆ ಹೀಗೆ? ನಾವು ಎಚ್ಚರವಾಗಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ವಸ್ತು ಸೇರುತ್ತಾ ಹೋಗುತ್ತೆ. ಅದು ತನ್ನ ಗ್ರಾಹಕಗಳಿಗೆ (ರಿಸೆಪ್ಟರ್, ಅಂದರೆ ಮಿದುಳಿನ ಕೋಶದಲ್ಲಿ ಅದು ಕೂರೋ ಜಾಗ) ಅಂಟಿಕೊಂಡಾಗ ತೂಕಡಿಕೆ ಬರುತ್ತೆ. ಆಲ್ಕೋಹಾಲ್ ಅಡೆನೋಸಿನ್ನನ್ನ ಇನ್ನಷ್ಟು ಏರಿಸುತ್ತೆ, ಅದಕ್ಕೇ ಮೂರನೇ ಪೆಗ್‌ಗೆ ಕಣ್ಣು ಎಳೆಯೋದು. ಕೆಫೀನ್ ಹೋಗಿ ಆ ಗ್ರಾಹಕಗಳ ಮೇಲೆ ತಾನು ಕೂತುಬಿಡುತ್ತೆ, ಅಡೆನೋಸಿನ್‌ಗೆ ಜಾಗ ಇಲ್ಲ, ತೂಕಡಿಕೆ ಗೊತ್ತಾಗಲ್ಲ. ಆದರೆ ಆಲ್ಕೋಹಾಲ್ ಕೆಲಸ ಮಾಡೋ ದಾರಿ ಅದೊಂದೇ ಅಲ್ಲ. ಗಾಬಾ ಅನ್ನೋ ತಡೆಯೋ ಸಂಕೇತವನ್ನ ಬಲಪಡಿಸುತ್ತೆ, ಚುರುಕುಗೊಳಿಸೋ ಸಂಕೇತವಾದ ಗ್ಲುಟಮೇಟ್‌ನ ಒಂದು ಗ್ರಾಹಕವನ್ನ ಅದುಮುತ್ತೆ. ಕೈಕಾಲಿನ ಹೊಂದಾಣಿಕೆ, ದೂರದ ಅಂದಾಜು, ನೆನಪು, ವಿವೇಕ ಕೆಡೋದು ಅಲ್ಲಿ. ಕೆಫೀನ್ ಅಲ್ಲಿಗೆ ಕೈ ಹಾಕೋದೇ ಇಲ್ಲ.

2006ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಒಂದು ಪ್ರಯೋಗದಲ್ಲಿ ಇದನ್ನೇ ಅಳೆದಿದ್ದರು. ಬರೀ ವೋಡ್ಕಾ ಕುಡಿದಾಗಿಗಿಂತ ಎನರ್ಜಿ ಡ್ರಿಂಕ್ ಬೆರೆಸಿ ಕುಡಿದಾಗ ತಲೆನೋವು, ಸುಸ್ತು, ಬಾಯಿ ಒಣಗೋದು ಕಮ್ಮಿ ಅಂತ ಕುಡಿದವರು ಹೇಳಿದರು, ಕೈಕಾಲು ಹಿಡಿತದಲ್ಲಿವೆ ಅಂತಲೂ ಅನ್ನಿಸಿತ್ತು. ಪರೀಕ್ಷೆ ಮಾಡಿದರೆ ಹೊಂದಾಣಿಕೆ, ಪ್ರತಿಕ್ರಿಯೆಯ ವೇಗ ಎರಡೂ ಕೆಟ್ಟೇ ಇದ್ದವು. ಉಸಿರಿನ ಆಲ್ಕೋಹಾಲ್ ಅಳತೆಯಲ್ಲೂ ವ್ಯತ್ಯಾಸ ಇರಲಿಲ್ಲ.

ಅಂದರೆ ನಿಮ್ಮ ಅಡುಗೆಯವರು ಒಂದು ಗಂಟೆ ರಾತ್ರಿಗೆ ಕೊಡೋ ಕಾಫಿ, ಮಲಗಬೇಕಾದವನನ್ನ ಕಾರಿನ ಕೀಲಿ ಹುಡುಕೋ ಹಾಗೆ ಮಾಡುತ್ತೆ. ಆ ಹೊತ್ತಿಗೆ ಊಟ ಇದ್ದರೆ ಊಟ, ಇಲ್ಲದಿದ್ದರೆ ನೀರು ಕೊಡಿ.

ಇನ್ನು ಅಳತೆ. ನಮ್ಮಲ್ಲಿ ಸಿಗೋ ವಿಸ್ಕಿ, ರಮ್, ವೋಡ್ಕಾ ಸಾಮಾನ್ಯವಾಗಿ 42.8%. 30 ಮಿ.ಲೀ. ಸ್ಮಾಲ್‌ನಲ್ಲಿ 10 ಗ್ರಾಂ ಶುದ್ಧ ಆಲ್ಕೋಹಾಲ್ ಅಂತ ಇಟ್ಟುಕೊಳ್ಳಿ, 60 ಮಿ.ಲೀ. ಲಾರ್ಜ್‌ನಲ್ಲಿ 20, ತೊಂಬತ್ತರಲ್ಲಿ 30, 180 ಮಿ.ಲೀ. ಕ್ವಾರ್ಟರ್‌ನಲ್ಲಿ 60. ಬಿಯರ್ ಹಗುರ ಅಂತ ಬಿಡಬೇಡಿ: 650 ಮಿ.ಲೀ. ಸ್ಟ್ರಾಂಗ್ 8% ಇದ್ದರೆ ಬಾಟಲಿಗೆ 41 ಗ್ರಾಂ, ಎರಡು ಲಾರ್ಜ್‌ಗೆ ಸಮ.

ಕೆಫೀನ್ ಕಡೆಗೆ ಬಂದರೆ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಎನರ್ಜಿ ಡ್ರಿಂಕ್ ಲೀಟರಿಗೆ 145ರಿಂದ 300 ಮಿ.ಗ್ರಾಂ ಒಳಗಿರಬೇಕು. ಸಿಗೋವು ಹೆಚ್ಚಾಗಿ ಮೇಲಿನ ತುದಿಗೇ ಹತ್ತಿರ, 250 ಮಿ.ಲೀ. ಕ್ಯಾನ್‌ಗೆ 70-75 ಮಿ.ಗ್ರಾಂ. ದಿನಕ್ಕೆ 500 ಮಿ.ಲೀ. ಮೀರಬಾರದು ಅನ್ನೋ ಎಚ್ಚರಿಕೆ ಲೇಬಲ್ ಮೇಲೇ ಇರುತ್ತೆ, ಓದೋರು ಇಲ್ಲ. ಫಿಲ್ಟರ್ ಕಾಫಿ ಲೆಕ್ಕ ಹೀಗೆ: ಒಂದು ಲೋಟಕ್ಕೆ 10 ಗ್ರಾಂ ಪುಡಿ, ಅದರಲ್ಲಿ 20% ಚಿಕೋರಿ ಅಂದರೆ ಕಾಫಿ 8 ಗ್ರಾಂ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಅರೇಬಿಕಾ 1.2% ಆಸುಪಾಸು, ರೊಬಸ್ಟಾ ಅದರ ಹೆಚ್ಚುಕಮ್ಮಿ ಎರಡರಷ್ಟು. ಎಲ್ಲವೂ ಡಿಕಾಕ್ಷನ್‌ಗೆ ಇಳಿಯಲ್ಲ. ಆದ್ದರಿಂದ ಬರೀ ಅರೇಬಿಕಾ ಆದರೆ ಲೋಟಕ್ಕೆ 80-90, ರೊಬಸ್ಟಾ ಜಾಸ್ತಿ ಬೆರೆತ ಪುಡಿ ಆದರೆ 130ರ ಮೇಲೆ. ಆರೋಗ್ಯವಂತ ವಯಸ್ಕರಿಗೆ ಒಂದೇ ಸಲಕ್ಕೆ 200, ದಿನಕ್ಕೆ 400 ಮಿ.ಗ್ರಾಂ ಅನ್ನೋದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಹಾಕಿರೋ ಗೆರೆ.

ಈಗ ಕೂಡಿಸಿ. ಮಧ್ಯಾಹ್ನ ಎರಡು ಕಾಫಿ, ರಾತ್ರಿ ಕ್ವಾರ್ಟರ್ ಜೊತೆ ಮೂರು ಕ್ಯಾನ್, ಒಂದು ಗಂಟೆಗೆ ಸ್ಟ್ರಾಂಗ್ ಕಾಫಿ. ಐನೂರು ಮಿ.ಗ್ರಾಂ ದಾಟಿತು. ಕೆಫೀನ್ ಅರ್ಧಕ್ಕೆ ಇಳಿಯೋಕೆ ಸುಮಾರು ಐದು ಗಂಟೆ ಬೇಕು, ಆಲ್ಕೋಹಾಲ್ ಜೊತೆಗಿದ್ದರೆ ಇನ್ನೂ ತುಸು ನಿಧಾನ. ಬೆಳಗಿನ ಐದಕ್ಕೆ ಅವರು "ಫ್ರೆಶ್" ಆಗಿರೋದು ನಿದ್ದೆ ಆಗಿ ಅಲ್ಲ.

---

ಪೆಗ್‌ಮೆಷರ್

ಮೇಷ್ಟ್ರು ರಸಾಯನ ಹೇಳಿದರು, ನಾನು ಗ್ಲಾಸಿನ ಒಳಗೆ ಏನಾಗುತ್ತೆ ಹೇಳ್ತೀನಿ. ಬಾರ್ ಕೆಲಸದೋರಿಗೆ ಇದು ದಿನಾ ಕಾಣೋ ವಿಷಯ.

ಒಂದನೇದು ಸಿಹಿ. 250 ಮಿ.ಲೀ. ಮಾಮೂಲಿ ಎನರ್ಜಿ ಡ್ರಿಂಕ್‌ನಲ್ಲಿ 27 ಗ್ರಾಂ ಹತ್ತಿರ ಸಕ್ಕರೆ, ಮೇಲೆ ಹುಳಿ. ವೋಡ್ಕಾದ ಖಾರ ನಾಲಿಗೆಗೆ ತಾಗೋದೇ ಇಲ್ಲ. ಸೋಡಾ ಜೊತೆ ಅರ್ಧ ಗಂಟೆ ಹಿಡಿಯೋ ಲಾರ್ಜ್ ಇದರಲ್ಲಿ ಹತ್ತು ನಿಮಿಷಕ್ಕೆ ಖಾಲಿ. ಹೊಸದಾಗಿ ಕುಡಿಯೋಕೆ ಶುರು ಮಾಡಿದೋರು ಸಿಕ್ಕಿಬೀಳೋದು ಇಲ್ಲೇ.

ಎರಡನೇದು ಯಾರೂ ಹೇಳದ್ದು: ಶುಗರ್-ಫ್ರೀ ಕ್ಯಾನ್. ಡಯಟ್ ಅಂದ್ರೆ ಒಳ್ಳೇದು ಅಂದ್ಕೊಳ್ತಾರೆ. ಸಕ್ಕರೆ ಇದ್ದರೆ ಹೊಟ್ಟೆಯಿಂದ ಸಣ್ಣ ಕರುಳಿಗೆ ಇಳಿಯೋದು ನಿಧಾನ, ಇಲ್ಲದಿದ್ದರೆ ಬೇಗ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ವೋಡ್ಕಾ ಮಿಶ್ರಣ ಕೊಟ್ಟು ಅಳೆದಿದ್ದರು, 2006ರಲ್ಲಿ. ಅರ್ಧ ಹೊಟ್ಟೆ ಖಾಲಿಯಾಗೋಕೆ ಸಕ್ಕರೆ ಮಿಶ್ರಣಕ್ಕೆ 36 ನಿಮಿಷ, ಡಯಟ್‌ಗೆ 21. 100 ಮಿ.ಲೀ. ರಕ್ತದಲ್ಲಿ ಆಲ್ಕೋಹಾಲ್ ಏರಿದ್ದು ಸಕ್ಕರೆ ಮಿಶ್ರಣಕ್ಕೆ 34 ಮಿ.ಗ್ರಾಂ, ಡಯಟ್‌ಗೆ 53. ಅಷ್ಟೇ ಎಣ್ಣೆ, ಬರೀ ಬೆರೆಸಿದ್ದು ಬೇರೆ. ಇದು ಕೆಫೀನಿನ ಕೆಲಸ ಅಲ್ಲ, ಆದರೆ ಶುಗರ್-ಫ್ರೀ ಎನರ್ಜಿ ಡ್ರಿಂಕ್‌ನಲ್ಲಿ ಎರಡೂ ಒಟ್ಟಿಗೆ ಬರುತ್ತೆ.

ಮೂರನೇದು ಜಗ್. ಬಕೆಟ್ಟಿಗೋ ಜಗ್ಗಿಗೋ ಅರ್ಧ ಬಾಟಲಿ ಸುರಿದು ನಾಲ್ಕು ಕ್ಯಾನ್ ಹಾಕಿ ಐಸ್ ತುಂಬಿದರೆ ಯಾರು ಎಷ್ಟು ಕುಡಿದರು ದೇವರಿಗೇ ಗೊತ್ತು. ನಿಮ್ಮ ಕೈಲಿ ಆಗೋದು: ರೂಮಿಗೆ ಗ್ಲಾಸ್ ಇಡುವಾಗ 30-60ರ ಸ್ಟೀಲ್ ಮೆಷರ್ ಒಂದು ಇಡಿ, ಜಗ್ ಇಡಬೇಡಿ. ಪೇಟೆಯಿಂದ ತರಿಸೋ ಪಟ್ಟಿಯಲ್ಲಿ ಸೋಡಾ, ಟಾನಿಕ್, ಶುಂಠಿ ಹಾಕಿದ ನಿಂಬೆ ಷರಬತ್ತು ಇರಲಿ. ಟಾನಿಕ್‌ನಲ್ಲಿ ಇರೋದು ಕ್ವಿನೈನ್, ಕೆಫೀನ್ ಇಲ್ಲ. ಕೋಲಾ ಬೆರೆಸಿದರೆ ಅಷ್ಟು ತಲೆ ಕೆಡಿಸ್ಕೋಬೇಡಿ, 100 ಮಿ.ಲೀ.ಗೆ ಹತ್ತು ಮಿ.ಗ್ರಾಂ ಆಸುಪಾಸು ಅಷ್ಟೇ. ಕ್ಯಾನ್ ತರಿಸಿಕೊಡಿ ಅಂದ್ರೆ ಅಂಗಡಿ ಬಾಗಿಲು ಹಾಕಿದೆ ಅನ್ನಿ. ರಾತ್ರಿ ಹತ್ತರ ಮೇಲೆ ಆ ಕಡೆ ಅದು ಸುಳ್ಳೂ ಅಲ್ಲ.

ಊಟ ಎಂಟೂವರೆಗೆ ಟೇಬಲ್ ಮೇಲಿರಬೇಕು, "ಕುಡಿದಾದ ಮೇಲೆ ಹೇಳ್ತೀವಿ" ಅನ್ನೋಕೆ ಬಿಡಬೇಡಿ. ಕಡುಬು, ಅಕ್ಕಿ ರೊಟ್ಟಿ, ಕೋಳಿ, ಏನಾದ್ರೂ ಸರಿ, ಹೊಟ್ಟೆ ತುಂಬಿದ್ದರೆ ಏರೋದು ನಿಧಾನ. ಬರೀ ಚಿಪ್ಸು, ಶೇಂಗಾ ನಂಚಿಕೊಂಡರೆ ಲೆಕ್ಕಕ್ಕಿಲ್ಲ.

---

ಎದುರುವಾದಿ

ಸ್ವಲ್ಪ ತಡೀರಿ. ಮೇಷ್ಟ್ರು ಹೆಸರಿಸಿದ ಅದೇ ಯುರೋಪಿನ ಪ್ರಾಧಿಕಾರ 2015ರ ವರದಿಯಲ್ಲಿ ಇನ್ನೊಂದು ಮಾತೂ ಹೇಳಿದೆ. 200 ಮಿ.ಗ್ರಾಂವರೆಗಿನ ಕೆಫೀನನ್ನ ದೇಹದ ತೂಕದ ಪ್ರತಿ ಕಿಲೋಗೆ 0.65 ಗ್ರಾಂ ಆಲ್ಕೋಹಾಲ್ ಜೊತೆ ತಗೊಂಡರೆ ಸುರಕ್ಷತೆಗೆ ಧಕ್ಕೆ ಇಲ್ಲ, ಆ ಮಟ್ಟದಲ್ಲಿ ಅಮಲಿನ ಅರಿವು ಮರೆಯಾಗೋ ಸಾಧ್ಯತೆಯೂ ಕಮ್ಮಿ ಅಂತ. ಬೆರೆಸಿ ಕುಡಿಯೋರು ಜಾಸ್ತಿ ಕುಡೀತಾರೆ ಅನ್ನೋ ಸಮೀಕ್ಷೆಗಳಲ್ಲೂ ಒಂದು ತೊಡಕಿದೆ. ಮಿತಿ ಮೀರೋ ಸ್ವಭಾವದೋರೇ ಬೆರೆಸೋದೂ ಇರಬಹುದು. ಊಟ ಆದ ಮೇಲೆ ಒಂದು ಐರಿಷ್ ಕಾಫಿನೋ (ವಿಸ್ಕಿ ಹಾಕಿದ ಕಾಫಿ) ಎಸ್ಪ್ರೆಸೋ ಮಾರ್ಟಿನಿನೋ (ವೋಡ್ಕಾ ಹಾಕಿದ್ದು) ಕುಡಿದೋರನ್ನ ಅಪರಾಧಿ ಥರ ನೋಡೋದು ಬೇಕಿಲ್ಲ. ಅದರಲ್ಲಿರೋದು ಒಂದು ಶಾಟ್ ಕಾಫಿ, ಅರವತ್ತು ಚಿಲ್ಲರೆ ಮಿ.ಗ್ರಾಂ.

---

ಡೋಸ್_ಮೇಷ್ಟ್ರು

ಒಪ್ಪಿದೆ, ಆ ವರದಿಯಲ್ಲಿ ಹಾಗೇ ಇದೆ. ಸಮೀಕ್ಷೆಗಳ ಮೇಲಿನ ಆಕ್ಷೇಪವೂ ಸರಿಯಾದದ್ದೇ. ಆದರೆ ಆ ಗೆರೆ ಎಲ್ಲಿ ಬೀಳುತ್ತೆ ಅಂತ ನಮ್ಮ ಅಳತೆಯಲ್ಲಿ ನೋಡಿ. 70 ಕಿಲೋ ತೂಕದವನಿಗೆ 0.65ರಂತೆ 45 ಗ್ರಾಂ, ಅಂದರೆ ಎರಡು ಲಾರ್ಜ್, ಮೇಲೊಂದು ಅರ್ಧ ಸ್ಮಾಲ್. 55 ಕಿಲೋದವರಿಗೆ 36 ಗ್ರಾಂ, ಎರಡು ಲಾರ್ಜ್‌ಗಿಂತ ಕಮ್ಮಿ. ಅಲ್ಲಿಗೆ 100 ಮಿ.ಲೀ. ರಕ್ತದಲ್ಲಿ 80 ಮಿ.ಗ್ರಾಂ ಮಟ್ಟ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಗಾಡಿ ಓಡಿಸೋರಿಗೆ ಇಟ್ಟಿರೋ ಮಿತಿ 30. ಆ "ಸುರಕ್ಷಿತ" ಮಟ್ಟದಲ್ಲೇ ಕಾನೂನಿನ ಎರಡೂವರೆಪಟ್ಟು ದಾಟಿರ್ತಾರೆ. ಕೇಳಿದವರು ಹೇಳ್ತಿರೋ ಗುಂಪು ಎರಡು ಲಾರ್ಜ್‌ಗೆ ನಿಲ್ಲಿಸೋ ಗುಂಪಲ್ಲ.

ಗಡಿ ದಾಟಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಫೋರ್ ಲೋಕೋ ಇದೆ. 695 ಮಿ.ಲೀ. ಡಬ್ಬಿ, 12% ಆಲ್ಕೋಹಾಲ್, ಅದರಲ್ಲೇ ಕೆಫೀನ್, ಹಣ್ಣಿನ ಸಿಹಿ ರುಚಿ. ಒಂದು ಡಬ್ಬಿಯಲ್ಲಿ 66 ಗ್ರಾಂ, ನಮ್ಮ ಕ್ವಾರ್ಟರ್‌ಗಿಂತ ಒಂದು ಗುಟುಕು ಜಾಸ್ತಿ. ಕೈಗೆ ಬಿಯರ್ ಥರ ಕಾಣೋದರಿಂದ ಒಬ್ಬೊಬ್ಬರು ಎರಡೆರಡು ಮುಗಿಸ್ತಿದ್ದರು. 2010ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಒಂದು ಪಾರ್ಟಿಯಿಂದ ಒಂಬತ್ತು ವಿದ್ಯಾರ್ಥಿಗಳು ಆಸ್ಪತ್ರೆ ಸೇರಿದರು. ನವೆಂಬರ್ 17ಕ್ಕೆ ಅಲ್ಲಿನ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಾಲ್ಕು ಕಂಪನಿಗಳಿಗೆ ಪತ್ರ ಬರೆದು, ಇಂಥ ಮಾಲ್ಟ್ ಪಾನೀಯಕ್ಕೆ ಸೇರಿಸಿದ ಕೆಫೀನ್ ಅಸುರಕ್ಷಿತ ಅಂತ ಹೇಳಿತು. ಕಂಪನಿ ಕೆಫೀನ್ ತೆಗೆದು ಮಾರಾಟ ಮುಂದುವರಿಸಿತು. ಹಾಗಂತ ಬಾರಿನಲ್ಲಿ ಗ್ಲಾಸಿಗೆ ಬೆರೆಸಿಕೊಳ್ಳೋದನ್ನ ಆ ಕ್ರಮ ಮುಟ್ಟಲಿಲ್ಲ. ಡಬ್ಬಿಯಲ್ಲಿ ತಪ್ಪಾದದ್ದು ಗ್ಲಾಸಿನಲ್ಲಿ ಸರಿ ಹೇಗಾಯಿತು ಅಂತ ಕೇಳಬೇಡಿ.

ನಿಮ್ಮ ಐರಿಷ್ ಕಾಫಿಗೆ ನನ್ನ ತಕರಾರಿಲ್ಲ. ಮೊದಲ ಗ್ಲಾಸಾಗಿ ಅಲ್ಲ, ಕೊನೆಯದಾಗಿ, ಒಂದೇ ಒಂದು, ಆಮೇಲೆ ಮಲಗೋದು.

---

ರಾತ್ರಿಪಾಳಿ_ತುರ್ತು

ಬಿದ್ದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಕೆಫೀನ್ ಬೆರೆತಿದ್ದರೆ ಒಂದು ಮೋಸ ಇದೆ. ಬರೀ ಎಣ್ಣೆ ಕುಡಿದವನು ಮೊದಲು ಮಂಪರಾಗಿ, ಆಮೇಲೆ ಬೀಳ್ತಾನೆ. ಇಲ್ಲಿ ಮಾತಾಡ್ತಾ, ನಗ್ತಾ ಇದ್ದವನು ನಡುವಿನ ಮೆಟ್ಟಿಲೇ ಇಲ್ಲದೆ ಕುಸಿಯಬಹುದು. ಕೊನೆ ಪೆಗ್ ಇಳಿಸಿದ ಮೇಲೂ ಅರ್ಧದಿಂದ ಒಂದೂವರೆ ಗಂಟೆ ರಕ್ತದಲ್ಲಿ ಏರ್ತಾನೇ ಇರುತ್ತೆ. "ಮಲಗಿಬಿಟ್ಟ, ಸರಿಹೋಯ್ತು" ಅಂತ ಬಾಗಿಲು ಮುಚ್ಚಿಕೊಂಡು ಬರಬೇಡಿ.

ಭುಜ ಹಿಡಿದು ಅಲ್ಲಾಡಿಸಿ, ಹೆಸರು ಹಿಡಿದು ಜೋರಾಗಿ ಕೂಗಿ, ಭುಜದ ಮೇಲಿನ ಸ್ನಾಯು ಗಟ್ಟಿಯಾಗಿ ಚಿವುಟಿ. ಕಣ್ಣು ಬಿಡದಿದ್ದರೆ ಅದು ನಿದ್ದೆ ಅಲ್ಲ. ಮೊಬೈಲ್ ಗಡಿಯಾರ ಇಟ್ಟುಕೊಂಡು ಪೂರ್ತಿ ಒಂದು ನಿಮಿಷ ಎದೆ ಏಳೋದನ್ನ ಎಣಿಸಿ. ನಿಮಿಷಕ್ಕೆ ಎಂಟಕ್ಕಿಂತ ಕಮ್ಮಿ, ಅಥವಾ ಎರಡು ಉಸಿರಿನ ಮಧ್ಯೆ ಹತ್ತು ಸೆಕೆಂಡಿಗಿಂತ ಜಾಸ್ತಿ ಅಂತರ, ತುಟಿ-ಉಗುರು ನೀಲಿ, ಮೈ ತಣ್ಣಗೆ ಅಂಟಂಟು, ಅರೆಪ್ರಜ್ಞೆಯಲ್ಲಿ ವಾಂತಿ, ಫಿಟ್ಸ್. ಇಷ್ಟರಲ್ಲಿ ಯಾವುದಾದರೂ ಒಂದು ಕಂಡರೆ 108. ಎಲ್ಲ ಸೇರಲಿ ಅಂತ ಕಾಯಬೇಡಿ. ತೋಟದ ದಾರಿಗೆ ಆಂಬುಲೆನ್ಸ್ ಬರೋಕೆ ಹೊತ್ತಾಗುತ್ತೆ ಅನ್ನೋ ಹಾಗಿದ್ದರೆ ಕುಡಿಯದ ಡ್ರೈವರ್ ಜೊತೆ ನೀವೇ ಮುಖ್ಯರಸ್ತೆವರೆಗೆ ಎದುರು ಹೋಗಿ. ರಾತ್ರಿ ತೆರೆದಿರೋ ಹತ್ತಿರದ ಆಸ್ಪತ್ರೆ ಯಾವುದು ಅಂತ ಈಗಲೇ ಫೋನ್ ಮಾಡಿ ತಿಳಿದು ಗೋಡೆ ಮೇಲೆ ಬರೆದಿಡಿ.

ಅಲ್ಲಿವರೆಗೆ ಎಡ ಮಗ್ಗುಲಿಗೆ ಮಲಗಿಸಿ. ಮೇಲಿನ ಮಂಡಿ ಮಡಚಿ ಮುಂದಕ್ಕೆ ಊರಿ, ಮೇಲಿನ ಕೈಯ ಅಂಗೈ ಕೆನ್ನೆ ಕೆಳಗೆ, ಗದ್ದ ತುಸು ಮೇಲಕ್ಕೆ, ಬಾಯಿ ನೆಲದ ಕಡೆ. ಬೆನ್ನ ಹಿಂದೆ ದಿಂಬು, ಮತ್ತೆ ಅಂಗಾತ ಉರುಳದ ಹಾಗೆ. ಕಂಬಳಿ ಹೊದಿಸಿ, ಒಬ್ಬರು ಪಕ್ಕದಲ್ಲೇ ಕೂರಲಿ. ಉಸಿರೇ ನಿಂತರೆ ಅಂಗಾತ ಮಲಗಿಸಿ ಎದೆ ಒತ್ತೋಕೆ ಶುರು ಮಾಡಿ.

ಮಾಡಬಾರದ್ದು: ಬಾಯಿಗೆ ಕಾಫಿ, ಮಜ್ಜಿಗೆ, ನಿಂಬೆರಸ, ಉಪ್ಪುನೀರು ಸುರಿಯೋದು. ನುಂಗೋ ಪ್ರತಿಕ್ರಿಯೆ ಮಂದ ಇರುತ್ತೆ, ನೇರ ಶ್ವಾಸಕೋಶಕ್ಕೆ. ಬೆರಳು ಹಾಕಿ ವಾಂತಿ ಮಾಡಿಸೋದು. ಬಚ್ಚಲಿಗೆ ಎಳೆದು ತಣ್ಣೀರು ಸುರಿಯೋದು, ಅದೂ ನಿಮ್ಮ ಕಡೆಯ ಮಳೆಗಾಲದ ಚಳಿಯಲ್ಲಿ. ಮೊದಲೇ ಮೈ ಶಾಖ ಕಳಕೊಂಡಿರುತ್ತೆ.

ಸಕ್ಕರೆ ಕಾಯಿಲೆಯವರ ವಿಷಯ ಬೇರೆಯಾಗಿ ಹೇಳಬೇಕು. ಆಲ್ಕೋಹಾಲ್ ಲಿವರ್‌ನಿಂದ ಹೊಸ ಗ್ಲೂಕೋಸ್ ತಯಾರಾಗೋದನ್ನ ತಡೆಯುತ್ತೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತಗೊಳ್ಳೋರು ಊಟ ಬಿಟ್ಟು ಕುಡಿದರೆ ಶುಗರ್ ಕೆಳಗೆ ಬೀಳುತ್ತೆ. ಲಕ್ಷಣ ಏನು? ಕೈ ನಡುಕ, ಬೆವರು, ಎದೆಬಡಿತ, ತೊದಲು. ನಡುಕ, ಎದೆಬಡಿತ ಕೆಫೀನ್ ತಲೆಗೆ, ತೊದಲು ಎಣ್ಣೆ ತಲೆಗೆ ಕಟ್ಟಿ ಎಲ್ಲರೂ ಸುಮ್ಮನಾಗ್ತಾರೆ. ಗ್ಲೂಕೋಮೀಟರ್ ಒಂದು ಇಟ್ಟಿರಿ. 70ಕ್ಕಿಂತ ಕಮ್ಮಿ ಇದ್ದು ಎಚ್ಚರವಾಗಿದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಲ್ಲಿ ಕದಡಿ ಕೊಡಿ, 15 ನಿಮಿಷಕ್ಕೆ ಮತ್ತೆ ನೋಡಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಬೇಡ, ಆಸ್ಪತ್ರೆ.

ಎದೆ ಹೊಡ್ಕೊಳ್ತಿದೆ ಅಂದರೆ ಕೂರಿಸಿ ನಾಡಿ ಎಣಿಸಿ. ಸುಮ್ಮನೆ ಕೂತು 15-20 ನಿಮಿಷವಾದರೂ 120ರ ಮೇಲೇ ಇದ್ದರೆ, ಬಡಿತ ಲಯ ತಪ್ಪಿದ್ದರೆ, ಎದೆನೋವು, ಕಣ್ಣು ಕತ್ತಲೆ ಇದ್ದರೆ ಇಸಿಜಿ ಆಗಲೇಬೇಕು. ಮಿತಿ ಮೀರಿ ಕುಡಿದಾಗ ಹೃದ್ರೋಗ ಇಲ್ಲದವರಲ್ಲೂ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರೋದು) ಬರುತ್ತೆ ಅಂತ 1978ರಿಂದ ವೈದ್ಯಲೋಕಕ್ಕೆ ಗೊತ್ತು. ಎನರ್ಜಿ ಡ್ರಿಂಕನ್ನ ಒಂದು ಲೀಟರಿನಷ್ಟು ಕುಡಿಸಿ ಇಸಿಜಿ ತೆಗೆದ 2019ರ ಪ್ರಯೋಗದಲ್ಲಿ ಆರೋಗ್ಯವಂತ ಯುವಕರಲ್ಲೂ ಕ್ಯೂಟಿ ಅಂತರ (ಒಂದು ಬಡಿತದಲ್ಲಿ ಹೃದಯದ ವಿದ್ಯುತ್ ಏರಿ ಇಳಿಯೋ ಹೊತ್ತು, ತುಂಬ ಉದ್ದವಾದರೆ ಲಯ ತಪ್ಪಬಹುದು) ಸ್ವಲ್ಪ ಉದ್ದ ಆಗಿತ್ತು, ರಕ್ತದೊತ್ತಡ ಏರಿತ್ತು. ಹೆಚ್ಚಿನವರಿಗೆ ಇದರಿಂದ ಏನೂ ಆಗಲ್ಲ. ಹುಟ್ಟಿನಿಂದಲೇ ಕ್ಯೂಟಿ ಉದ್ದ ಇರೋರಿಗೆ ಎಷ್ಟೋ ಸಲ ಅದು ಗೊತ್ತೇ ಇರೋದಿಲ್ಲ, ಸಮಸ್ಯೆ ಅಲ್ಲಿ.

ಆಸ್ಪತ್ರೆಗೆ ಕರೆತಂದಾಗ ಎಷ್ಟು ಮಿ.ಲೀ., ಎಷ್ಟು ಕ್ಯಾನ್, ಯಾವ ಮಾತ್ರೆ ಅಂತ ಹೇಳಿ. ಖಾಲಿ ಡಬ್ಬಿ, ಪೊಟ್ಟಣ ತನ್ನಿ. ಮರ್ಯಾದೆಗೆ ಅಂಜಿ "ಬರೀ ಎರಡು ಬಿಯರ್" ಅಂತ ಗೆಳೆಯರು ಹೇಳೋದರಿಂದ ಚಿಕಿತ್ಸೆ ದಾರಿ ತಪ್ಪುತ್ತೆ.

---

ಮಾತ್ರೆಚೀಟಿ

ಮೇಲಿನದಕ್ಕೆ ಔಷಧಿ ಅಂಗಡಿ ಕಡೆಯಿಂದ ಒಂದಿಷ್ಟು. ಕೆಫೀನನ್ನ ಒಡೆಯೋ ಲಿವರಿನ ಕಿಣ್ವ ಸಿವೈಪಿ1ಎ2. ಸಿಪ್ರೊಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್, ಖಿನ್ನತೆ-ಗೀಳಿಗೆ ಕೊಡೋ ಫ್ಲುವೊಕ್ಸಮೈನ್ ಇದನ್ನ ತಡೆಯುತ್ತವೆ, ಗರ್ಭನಿರೋಧಕ ಮಾತ್ರೆ ತಗೊಳ್ಳೋರ ಮೈಯಲ್ಲಿ ಕೆಫೀನ್ ಉಳಿಯೋ ಕಾಲ ಹೆಚ್ಚುಕಮ್ಮಿ ದುಪ್ಪಟ್ಟು. ಬೇರೆಯವರಿಗೆ ಎರಡು ಕ್ಯಾನ್ ಇವರಿಗೆ ನಾಲ್ಕರ ಹಾಗೆ ಹೊಡೆಯಬಹುದು. ಉಬ್ಬಸಕ್ಕೆ ಥಿಯೋಫಿಲಿನ್ ತಗೊಳ್ಳೋರು ಈ ಮಿಶ್ರಣದಿಂದ ದೂರ ಇರಲಿ, ಅದು ಕೆಫೀನಿನ ಹತ್ತಿರದ ಸಂಬಂಧಿ, ಅದೇ ಕಿಣ್ವದ ಮೇಲೇ ನಿಂತಿರೋದು. ತಲೆನೋವಿನ ಕೆಲವು ಮಾತ್ರೆಗಳಲ್ಲೂ ತಲಾ 50 ಮಿ.ಗ್ರಾಂ ಕೆಫೀನ್ ಇರುತ್ತೆ, ಬೆಳಿಗ್ಗೆ ಹ್ಯಾಂಗೋವರ್‌ಗೆ ನುಂಗೋದು ಅದನ್ನೇ. ಜಿಮ್ ಹುಡುಗರ ಪ್ರಿ-ವರ್ಕೌಟ್ ಪುಡಿಯಲ್ಲಿ ಒಂದು ಸ್ಕೂಪ್‌ಗೆ 200ರಿಂದ 300. ಸಂಜೆ ಕಸರತ್ತು ಮಾಡಿ ರಾತ್ರಿ ಕೂತರೆ ಒಂದು ಕ್ಯಾನ್‌ಗೂ ಜಾಗ ಇಲ್ಲ.

ಆದರೆ ನನಗೆ ಹೆಚ್ಚು ಭಯ ಇರೋದು ಮೂರನೇ ಹೆಜ್ಜೆಯದು. ಎಣ್ಣೆ ಕುಡಿದಾಯ್ತು, ಕೆಫೀನಿಂದ ನಿದ್ದೆ ಬರ್ತಿಲ್ಲ, ಯಾರದೋ ಪರ್ಸಲ್ಲಿ ಆತಂಕ, ನಿದ್ದೆಗೆ ತಗೊಳ್ಳೋ ಆಲ್ಪ್ರಜೋಲಮ್ ಮಾತ್ರೆ ಇದೆ. ಆ ಮಾತ್ರೆಯೂ ಆಲ್ಕೋಹಾಲೂ ಒಂದೇ ಕಡೆ ಒತ್ತೋವು, ಉಸಿರು ನಿಧಾನ ಮಾಡೋವು. ಬೆಳಗಿನ ಜಾವಕ್ಕೆ ಕೆಫೀನ್ ಇಳಿಯುತ್ತೆ, ಇವೆರಡೂ ಉಳಿಯುತ್ತವೆ. ನಿದ್ದೆ ಬಾರದಿದ್ದರೆ ಎದ್ದು ಕೂತು ನೀರು ಕುಡಿಯಲಿ. ಮಾತ್ರೆ ಬೇಡವೇ ಬೇಡ.

---

ಗಿರಿಸೆರಗು_ಹೋಂಸ್ಟೇ

ಎಲ್ಲರಿಗೂ ಧನ್ಯವಾದ. ಮೆಷರ್, ಗ್ಲೂಕೋಮೀಟರ್ ತರಿಸ್ತಿದ್ದೀನಿ. ಎಡ ಮಗ್ಗುಲಿನ ವಿಷಯ ಇವತ್ತೇ ಕೆಲಸದವರಿಗೆ ಮಾಡಿ ತೋರಿಸ್ತೀನಿ. ಒಂದು ಉಳಿದಿದೆ: ಬೆಳಿಗ್ಗೆ ಐದರ ಗಾಡಿ. "ನಾವು ಸ್ಟಡಿ ಇದ್ದೀವಿ ಅಂಕಲ್" ಅನ್ನೋರಿಗೆ ಏನಂತ ಹೇಳೋದು? ಒಂದು ಲೆಕ್ಕ ಕೊಡಿ.

---

ಡೋಸ್_ಮೇಷ್ಟ್ರು

ಲೆಕ್ಕ ಇದೆ, ಅಂದಾಜಿನದು, ಆದರೆ ಕೆಲಸಕ್ಕೆ ಬರುತ್ತೆ. ಕುಡಿದ ಗ್ರಾಂಗಳನ್ನ ದೇಹದ ತೂಕ ಗುಣಿಸು 0.68ರಿಂದ ಭಾಗಿಸಿ, ಹೆಂಗಸರಿಗೆ 0.55. ಬಂದದ್ದನ್ನ 100ರಿಂದ ಗುಣಿಸಿದರೆ 100 ಮಿ.ಲೀ. ರಕ್ತಕ್ಕೆ ಎಷ್ಟು ಮಿ.ಗ್ರಾಂ ಅನ್ನೋದು. ಕುಡಿಯೋಕೆ ಶುರು ಮಾಡಿದ ಹೊತ್ತಿನಿಂದ ಗಂಟೆಗೆ 15 ಕಳೀತಾ ಬನ್ನಿ.

ಇಬ್ಬರು ಸೇರಿ ಒಂದು ಫುಲ್ ಮುಗಿಸಿದರು ಅನ್ನಿ, ತಲಾ 375 ಮಿ.ಲೀ. ಅಂದರೆ 126 ಗ್ರಾಂ. 70 ಕಿಲೋ ಗಂಡಸಿಗೆ 265. ರಾತ್ರಿ ಹತ್ತಕ್ಕೆ ಶುರು ಮಾಡಿದ್ದರೆ ಐದು ಗಂಟೆಗೆ ಏಳು ಗಂಟೆ ಕಳೆದಿರುತ್ತೆ, 105 ಇಳಿದಿರುತ್ತೆ, ಇನ್ನೂ 160. ಮಿತಿಯ ಐದು ಪಟ್ಟು, ಆ ತಿರುವುಗಳಲ್ಲಿ, ಮಂಜಿನಲ್ಲಿ. ಅವರು 30ಕ್ಕೆ ಬರೋದು ಮಧ್ಯಾಹ್ನ ಎರಡರ ಹತ್ತಿರ, ಸೊನ್ನೆಗೆ ಬರೋದು ಸಂಜೆ ನಾಲ್ಕಕ್ಕೆ. 55 ಕಿಲೋ ಹೆಂಗಸು ಬರೀ ಒಂದು ಕ್ವಾರ್ಟರ್ ಕುಡಿದಿದ್ದರೂ ಐದಕ್ಕೆ 90ರ ಮೇಲೆ. ಕ್ವಾರ್ಟರ್ ಕುಡಿದ 70 ಕಿಲೋ ಗಂಡಸು ಮಾತ್ರ 20ರ ಆಸುಪಾಸು ಬಂದಿರ್ತಾನೆ. ಕಾನೂನಿಗೆ ಪಾರು, ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ಮೂರು ಕ್ಯಾನ್ ಮೇಲೆ ಓಡ್ತಿರೋ ಡ್ರೈವರ್. ಕೆಫೀನ್ ಇಳಿದ ಕೂಡಲೇ ತಡೆದಿಟ್ಟ ತೂಕಡಿಕೆ ಒಟ್ಟಿಗೆ ಬರುತ್ತೆ.

ಕೆಲಸದವರಿಗೆ ಬಾಯಿಪಾಠಕ್ಕೆ: ಗಂಡಸರಿಗೆ ಸ್ಮಾಲ್‌ಗೆ ಒಂದೂವರೆ ಗಂಟೆ, ಹೆಂಗಸರಿಗೆ ಎರಡೂಕಾಲು, ಸ್ಟ್ರಾಂಗ್ ಬಿಯರ್ ಬಾಟಲಿ ಅಂದರೆ ನಾಲ್ಕು ಸ್ಮಾಲ್. ಎಣಿಕೆ ಮೊದಲ ಗುಟುಕಿನಿಂದ. ಸಣ್ಣ ಮೈಕಟ್ಟಿನವರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಜಾಸ್ತಿ.

---

ಪೆಗ್‌ಮೆಷರ್

ಅಂಕಲ್ ಅಂದೋರ ಹತ್ತಿರ ರಾತ್ರಿ ಲೆಕ್ಕ ಬಿಡಿಸೋಕೆ ಹೋಗಬೇಡಿ ಸರ್, ಆಗ ಯಾರೂ ಕೇಳಲ್ಲ. ಚೆಕ್-ಇನ್ ಟೈಮಲ್ಲೇ, ಬಾಟಲಿ ಬಿಚ್ಚೋ ಮೊದಲು, "ಸೂರ್ಯೋದಯಕ್ಕೆ ಜೀಪ್ ಬೇಕಾ" ಅಂತ ಕೇಳಿ ಹೆಸರು ಬರ್ಕೊಳ್ಳಿ. ಲೋಕಲ್ ಡ್ರೈವರ್ ಐದಕ್ಕೆ ಗೇಟಿಗೆ ಬರಲಿ, ದುಡ್ಡು ಮುಂಗಡ ತಗೊಳ್ಳಿ. ದುಡ್ಡು ಕೊಟ್ಟಾದ ಮೇಲೆ ತಮ್ಮ ಕಾರು ತೆಗೆಯೋರು ಕಮ್ಮಿ. ಆಗಲೂ ಹಟ ಮಾಡಿದರೆ 185ನೇ ಸೆಕ್ಷನ್‌ಗೆ ಮೊದಲ ಸಲವೇ ಹತ್ತು ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು ಅನ್ನಿ. ಕಾಫಿ ಕುಡಿದು ಊದಿದರೂ ಮೆಷಿನ್ ಅಷ್ಟೇ ತೋರಿಸುತ್ತೆ, ಅದನ್ನೂ ಸೇರಿಸಿ ಹೇಳಿ.